ಗೋಡೆಯ ಮೇಲೆ ನನ್ನ ಬಾಯಿ

ನಮ್ಮ ಚರ್ಚಿನ ಬಾಗಿಲ ಪಕ್ಕದ ಗೋಡೆಯ ಮೇಲೆ ನನ್ನ ಬಾಯಿ ನೇತಾಡುತ್ತಿತ್ತು. ಬರೀ ಬಾಯಲ್ಲ, ಮುಖವೂ ಇತ್ತು. ಆದರೆ ಬಾಯಿ ಎಷ್ಟು ದೊಡ್ಡದಾಗಿ ತೆರೆದಿತ್ತೆಂದರೆ ಮುಖಕ್ಕೆ ಜಾಗವೇ ಉಳಿದಿರಲಿಲ್ಲ. ಕಿಟಕಿಯಷ್ಟು ಅಗಲದ ಫೋಟೋ. ಗಾಜು ಹಾಕಿಸಿ, ಕಟ್ಟು ಹಾಕಿಸಿ, ಕೆಳಗೆ ಕೆಂಪು ಅಕ್ಷರದಲ್ಲಿ ಬರೆಸಿದ್ದರು: 'ಈ ಹಸಿದ ಬಾಯಿಗೆ ನಿಮ್ಮ ತುತ್ತು.'

ನಾನು ಹಸಿದಿರಲಿಲ್ಲ. ಬೈಯುತ್ತಿದ್ದೆ.

ನಾನು ಲಾಡ್ಜಿನಲ್ಲಿ ಬಟ್ಟೆ ಒಗೆಯುವವಳು. ಕಂಡಕಂಡವರು ಹೊರಳಾಡಿ ಎದ್ದುಹೋದ ಹಾಸಿಗೆಯ ಚಾದರ, ದಿಂಬಿನ ಚೀಲ, ಟವೆಲು. ಬಿಸಿನೀರು, ಸೋಡಾ, ಕಲ್ಲು, ನನ್ನ ತೋಳು. ಸಂಜೆಯ ಹೊತ್ತಿಗೆ ಬೆರಳಿನ ಚರ್ಮ ಸುಲಿದಿರುತ್ತದೆ. ಉಪ್ಪು ತಾಕಿದರೆ ಜೀವ ಹೋದ ಹಾಗಾಗುತ್ತದೆ. ಶನಿವಾರ ಅಷ್ಟೂ ಕೋಣೆಗಳ ಚಾದರ ಬದಲಾಗುವ ದಿನ. ಅವತ್ತು ಮನೆಯಲ್ಲಿ ಒಲೆ ಹಚ್ಚಲು ಮೈಯಲ್ಲಿ ತ್ರಾಣ ಇರುವುದಿಲ್ಲ. ಅದಕ್ಕೇ ಚರ್ಚಿನ ಹಾಲ್‌ನಲ್ಲಿ ಕೊಡುವ ಶನಿವಾರದ ಊಟಕ್ಕೆ ಹೋಗುತ್ತಿದ್ದೆ. ಮೋರಿ ಬಳಿಯುವವರು, ಮೂಟೆ ಹೊರುವವರು, ಹೊತ್ತು ಹೊತ್ತು ಸೊಂಟ ಮುರಿದುಕೊಂಡು ಮನೆ ಸೇರಿದವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದೆವು. ಸೂಪು, ಬ್ರೆಡ್ಡು. ದೇವರಾಣೆ ಹೇಳುತ್ತೇನೆ, ಆ ಸೂಪಿನಲ್ಲಿ ತರಕಾರಿಗಿಂತ ಪ್ರಾರ್ಥನೆಯೇ ಜಾಸ್ತಿ.

ಊಟ ಪುಕ್ಕಟೆ ಎಂದು ಹೆಸರು. ಪುಕ್ಕಟೆ ಎಲ್ಲಿ ಬಂತು? ಮೊದಲು ಮೂರು ಹಾಡು ಹಾಡಬೇಕು. ಆಮೇಲೆ ಕಮಿಟಿಯಮ್ಮನ ಭಾಷಣ ಕೇಳಬೇಕು. ನಮ್ಮದು ಆಂಗ್ಲಿಕನ್ ಚರ್ಚು, ಇಲ್ಲಿ ಎಲ್ಲಕ್ಕೂ ಒಂದು ಕಮಿಟಿ. ಹೂವಿಗೆ ಒಂದು, ಗಂಟೆಗೆ ಒಂದು, ಬಡವರಿಗೆ ಒಂದು. ಅವೆಲ್ಲದರಲ್ಲೂ ಇರುವವಳು ಈ ಒಬ್ಬಳೇ ಅಮ್ಮ, ಅದಕ್ಕೇ ಆ ಹೆಸರು. ಅವಳ ಅಚ್ಚುಮೆಚ್ಚಿನ ವಿಷಯ ಶುಭ್ರತೆ. "ಬಡತನ ಇರಬಹುದು, ಕೊಳಕು ಇರಬಾರದು" ಎಂದು ನನ್ನ ಕಡೆಗೇ ನೋಡಿ ಹೇಳುತ್ತಿದ್ದಳು. ಅವಳು ಹಾಗೆ ಹೇಳುವಾಗ ಮುಂದಿದ್ದ ಮೇಜಿನ ಬಟ್ಟೆ ಒಗೆದವಳು ನಾನು. ಗಾಯಕರ ಬಿಳಿ ನಿಲುವಂಗಿಗಳನ್ನು ದೇವರ ಸೇವೆ ಎನ್ನುವ ಹೆಸರಿನಲ್ಲಿ ಬಿಟ್ಟಿ ಒಗೆಯುತ್ತಿದ್ದವಳೂ ನಾನೇ. ಆ ಸಭೆಯಲ್ಲಿ ಯಾವ ಭಕ್ತರ ಕಾಲರಿನಲ್ಲಿ ಎಷ್ಟು ಕೊಳೆ ಎಂದು ನನ್ನನ್ನು ಕೇಳಬೇಕು.

ಇನ್ನೊಂದು ಮಾತು. ಭಾನುವಾರದವರಿಗೆ ಮುಂಬಾಗಿಲು, ಶನಿವಾರದವರಿಗೆ ಹಿಂಬಾಗಿಲು. ಅಡುಗೆಮನೆ ದಾಟಿ, ಪಾತ್ರೆ ತೊಳೆಯುವ ಕಲ್ಲು ದಾಟಿ, ನೆಲದ ನೀರಿನಲ್ಲಿ ಕಾಲಿಟ್ಟು ಹಾಲ್‌ಗೆ ಬರಬೇಕು. ನಾನೋ ಎರಡೂ ದಿನದವಳು. ಈ ಚರ್ಚಿನಲ್ಲೇ ನನಗೆ ದೀಕ್ಷಾಸ್ನಾನ ಆಯಿತು, ಮದುವೆ ಆಯಿತು, ಗಂಡನನ್ನು ಹೂತದ್ದೂ ಇದೇ ಅಂಗಳದಲ್ಲಿ. ಆದರೂ ಭಾನುವಾರ ಮುಂಬಾಗಿಲಲ್ಲಿ ನನ್ನನ್ನು ಕಂಡರೆ ಒಬ್ಬರಲ್ಲ ಒಬ್ಬರು ಮರುಕದಿಂದ ಹೇಳುತ್ತಿದ್ದರು: "ಅಯ್ಯೋ, ಊಟ ನಿನ್ನೆ ಇತ್ತಲ್ಲಮ್ಮ."

ಫೋಟೋ ಬಂದದ್ದು ಹೀಗೆ. ಕಮಿಟಿಯಮ್ಮನ ತಮ್ಮ ಹೊಸ ಕ್ಯಾಮೆರಾ ಕೊಂಡಿದ್ದ. ಬಡತನವನ್ನು ಹತ್ತಿರದಿಂದ ಹಿಡಿಯಬೇಕೆಂದು ನನ್ನ ಬಟ್ಟಲಿನ ತನಕ ಬಗ್ಗಿದ. ಮೊಣಕೈ ತಗುಲಿ ಕುದಿಯುವ ಸೂಪು ನನ್ನ ಸುಲಿದ ಕೈಮೇಲೆ ಚೆಲ್ಲಿತು. "ಕಣ್ಣು ಕಾಣಲ್ವೇನೋ ನಿಂಗೆ!" ಎಂದು ಕಿರುಚಿದೆ. ಕ್ಲಿಕ್ ಎಂದಿತು. ಮುಂದಿನ ಭಾನುವಾರ ನಾನು ಗೋಡೆಯ ಮೇಲಿದ್ದೆ.

ನನ್ನ ಮೈ ಉರಿಯಿತು, ನಿಜ. ಆದರೆ ಮೈ ಉರಿಯುವುದು ನಮಗೇನು ಹೊಸದೇ? ನುಂಗಿಕೊಂಡೆ. ನುಂಗದವಳು ನನ್ನ ಮಗಳು. ಅವಳ ಶಾಲೆಯ ಮಕ್ಕಳೂ ಅದೇ ಚರ್ಚಿಗೆ ಬರುವವರು. ಇವಳು ಬುತ್ತಿ ಬಿಚ್ಚಿದರೆ ಸಾಕು, ಸುತ್ತ ಕೂತು ಎಲ್ಲರೂ ಆ ಎಂದು ಬಾಯಿ ತೆರೆಯುತ್ತಿದ್ದರಂತೆ. ಹುಡುಗಿ ಬುತ್ತಿಯನ್ನು ಹಾಗೇ ವಾಪಸು ತರತೊಡಗಿದಳು. ಬಿಷಪ್ಪರು ಬಂದು ತಲೆಯ ಮೇಲೆ ಕೈಯಿಟ್ಟು, ಇನ್ನು ನೀನೂ ಈ ಸಭೆಯ ಪೂರ್ತಿ ಸದಸ್ಯೆ ಎಂದು ಹೇಳುವ ದೃಢೀಕರಣದ ದಿನ ಹತ್ತಿರ ಬರುತ್ತಿತ್ತು. ಅದಕ್ಕೆಂದು ನಾನು ಬಿಳಿ ಬಟ್ಟೆ ಹೊಲಿಸಿಟ್ಟಿದ್ದೆ.

"ನಾ ಬರಲ್ಲ ಕಣಮ್ಮಾ" ಎಂದಳು.

"ಯಾಕೇ?"

"ಆ ಬಾಯಿ ಪಕ್ಕದಲ್ಲಿ ನಡ್ಕೊಂಡು ಒಳಗೆ ಹೋಗಲ್ಲ. ಒಂದೋ ಆ ಬಾಯಿ ಇರ್ಬೇಕು, ಇಲ್ಲಾ ನಾನಿರ್ಬೇಕು."

ಹಟದಲ್ಲಿ ಥೇಟ್ ಅವಳಪ್ಪ. ಬೈದು ನೋಡಿದೆ, ಮುದ್ದು ಮಾಡಿ ನೋಡಿದೆ, ಜಗ್ಗಲಿಲ್ಲ. ಕೊನೆಗೆ ಕಮಿಟಿಯಮ್ಮನ ಹತ್ತಿರ ಹೋದೆ.

"ಅಮ್ಮಾವ್ರೇ, ಆ ಫೋಟೋ ತೆಗೆಸಿಬಿಡಿ."

"ತೆಗೆಸೋದಾ? ಹುಚ್ಚೇನೇ ನಿಂಗೆ? ಚಾವಣಿ ಸೋರ್ತಾ ಇದ್ದದ್ದು ನಿಂತಿದ್ದು ಯಾತರಿಂದ ಅಂದ್ಕೊಂಡೆ? ನಿನ್ನ ಬಾಯಿಂದ! ಅದನ್ನ ನೋಡಿ ಜನ ಕರಗಿ ಕಾಣಿಕೆ ಸುರಿದಿದ್ದಾರೆ."

"ನನ್ನ ಹಸಿವಿಗೂ ನಿಮ್ಮ ಚಾವಣಿಗೂ ಏನು ಸಂಬಂಧ ಅಮ್ಮಾವ್ರೇ?"

"ಹೆಮ್ಮೆ ಪಡು. ಎಲ್ಲರ ಬಾಯಿಗೂ ಇಂಥ ಭಾಗ್ಯ ಇರಲ್ಲ."

ಪಾದ್ರಿಯ ಹತ್ತಿರ ಹೋದೆ. ಪಾಪ, ಎಳೆಯ ಮನುಷ್ಯ. ಕಮಿಟಿಯಮ್ಮನ ಹೆಸರೆತ್ತಿದರೆ ಬೆವರುತ್ತಿದ್ದರು. ಏನು ಕೇಳಿದರೂ ಅವರದು ಒಂದೇ ಉತ್ತರ: "ನೋಡೋಣಮ್ಮ." ಮಳೆ ಬರುತ್ತಾ ಪಾದ್ರಿಗಳೇ ಎಂದರೂ ನೋಡೋಣಮ್ಮ.

ದಾರಿ ತೋರಿಸಿದ್ದು ಮೋರಿ ಮಾವ. ಊರಿನ ಮೋರಿಗಳಿಗೆಲ್ಲ ಇಳಿದು ಹತ್ತಿದ ಮನುಷ್ಯ, ಶನಿವಾರದ ಸಾಲಿನಲ್ಲಿ ನನ್ನ ಹಿಂದೆ ನಿಲ್ಲುವವನು. "ವರ್ಷಕ್ಕೊಂದು ಮೀಟಿಂಗು ಅಂತ ಪಾದ್ರಿ ಕೂಗ್ತಾರಲ್ಲ, ಸದಸ್ಯರೆಲ್ಲ ಬನ್ನಿ ಅಂತ? ನಾವೂ ಸದಸ್ಯರೇ ತಾನೇ? ಹೋಗೋಣ. ಅಲ್ಲೇ ಕೇಳೋಣ" ಎಂದ. ಆಮೇಲೆ ದನಿ ತಗ್ಗಿಸಿ, "ಕೇಕ್ ಬೇರೆ ಕೊಡ್ತಾರಂತೆ" ಎಂದ.

ಆ ಮೀಟಿಂಗಿಗೆ ಯಾವಾಗಲೂ ಬರುತ್ತಿದ್ದದ್ದು ಕಮಿಟಿಯಮ್ಮ, ಅವಳ ಗಂಡ, ಅವಳ ತಮ್ಮ, ಅವಳ ಒಂದಿಬ್ಬರು ಗೆಳತಿಯರು. ಅವಳೇ ಹೆಸರು ಹೇಳುತ್ತಿದ್ದಳು, ಅವರೇ ಕೈಯೆತ್ತುತ್ತಿದ್ದರು, ಕೇಕು ತಿಂದು ಮನೆಗೆ ಹೋಗುತ್ತಿದ್ದರು. ಈ ಸಲ ಶನಿವಾರದ ಸಾಲು ಪೂರ್ತಿ ಬಂದು ಕೂತಿತು. ಕಮಿಟಿಯಮ್ಮ ಒಮ್ಮೆ ನಮ್ಮನ್ನು ನೋಡಿದಳು, ಒಮ್ಮೆ ಕೇಕನ್ನು ನೋಡಿದಳು.

"ಇವತ್ತು ಊಟ ಇಲ್ಲಪ್ಪಾ" ಎಂದಳು.

"ಗೊತ್ತು ಅಮ್ಮಾವ್ರೇ. ಅದಕ್ಕೇ ಹಾಡೂ ಹಾಡಲ್ಲ" ಎಂದ ಮೋರಿ ಮಾವ.

ನಾನು ಎದ್ದು ನಿಂತು ಫೋಟೋದ ವಿಷಯ ಹೇಳಿದೆ. ಪಾದ್ರಿ ಹಣೆ ಒರೆಸಿಕೊಂಡರು. "ನೋಡಮ್ಮ, ಚರ್ಚಿನ ಗೋಡೆ ಮೇಲೆ ಏನಿರ್ಬೇಕು, ಏನಿರ್ಬಾರ್ದು ಅನ್ನೋದು ನನ್ನ ಕೈಲಿಲ್ಲ. ಅದು ವಾರ್ಡನ್‌ಗಳ ಜವಾಬ್ದಾರಿ." ನಮ್ಮಲ್ಲಿ ವಾರ್ಡನ್ ಎಂದರೆ ಇಬ್ಬರು. ಒಬ್ಬರನ್ನು ಪಾದ್ರಿ ಆರಿಸುತ್ತಾರೆ, ಅದು ಕಮಿಟಿಯಮ್ಮನ ಗಂಡ. ಇನ್ನೊಬ್ಬರನ್ನು ಜನ ಕೈಯೆತ್ತಿ ಆರಿಸಬೇಕು, ಅದು ಯಾವತ್ತಿನಿಂದಲೋ ಕಮಿಟಿಯಮ್ಮನೇ.

"ಸರಿ ಪಾದ್ರಿಗಳೇ, ಮುಂದಿನ ವಿಷಯ ಏನು?" ಎಂದ ಮೋರಿ ಮಾವ.

ಪಾದ್ರಿ ಉಗುಳು ನುಂಗಿದರು. "ಜನರ ವಾರ್ಡನ್ನಿನ ಆಯ್ಕೆ."

ಮೋರಿ ಮಾವ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿ, "ಇವಳ ಹೆಸರು ಬರ್ಕೊಳ್ಳಿ" ಎಂದ. ಕೈಗಳು ಎದ್ದವು. ಒಡೆದ ಕೈ, ಕಾಯಿಕಟ್ಟಿದ ಕೈ, ಬೆರಳು ಕಳೆದುಕೊಂಡ ಕೈ. ನಮ್ಮ ಆಮೆನ್ ಅಜ್ಜಿ ಎರಡೂ ಕೈಯೆತ್ತಿದಳು. ಕಿವಿ ಮಂದವಾದ್ದರಿಂದ ಸಂದರ್ಭ ನೋಡದೆ ಆಮೆನ್ ಅನ್ನುವ ಮುದುಕಿ ಅವಳು. ಒಂದೇ ಕೈ ಲೆಕ್ಕ ಎಂದು ಪಾದ್ರಿ ಕೂಗಿ ಹೇಳಿದರು. "ಆಮೆನ್" ಎಂದಳು, ಇಳಿಸಲಿಲ್ಲ. ಕಮಿಟಿಯಮ್ಮನ ಮುಖ ಹುಳ್ಳಗಾಯಿತು.

ನಾನು ಹಾಲ್‌ನಿಂದ ನೇರ ಚರ್ಚಿನ ಗೋಡೆಯ ಹತ್ತಿರ ಹೋಗಿ ಫೋಟೋಗೆ ಕೈ ಹಾಕಿದೆ. "ಏಯ್, ನಿಲ್ಲು!" ಎಂದು ಹಿಂದಿನಿಂದ ಕಮಿಟಿಯಮ್ಮ. "ಇಬ್ಬರು ವಾರ್ಡನ್ನೂ ಒಪ್ಪಬೇಕು. ನನ್ನ ಯಜಮಾನ್ರು ಒಪ್ಪಲ್ಲ. ಅಲ್ವೇನ್ರೀ?" ಯಜಮಾನರು ಹೆಂಡತಿಯ ಮುಖ ನೋಡಿದರು. "ಒಪ್ಪಲ್ಲ" ಎಂದರು. ಪಾದ್ರಿ ಎಂದಿನಂತೆ ನೋಡೋಣಮ್ಮ ಎಂದರು. ಅಲ್ಲಿಗೆ ನಾನು ವಾರ್ಡನ್ ಆದರೂ ನನ್ನ ಬಾಯಿ ಗೋಡೆಯ ಮೇಲೇ ಉಳಿಯಿತು. ಕೇಕು ಮಾತ್ರ ಚೆನ್ನಾಗಿತ್ತು.

ಬಿಷಪ್ಪರು ಬರುವ ಭಾನುವಾರ ಬಂತು. ಮಗಳು ಬಿಳಿ ಬಟ್ಟೆ ಹಾಕಿಕೊಂಡಳು, ಅಷ್ಟಕ್ಕೆ ಒಪ್ಪಿದ್ದಳು. ಚರ್ಚಿನ ಗೇಟಿನ ತನಕ ಬಂದಳು. ಗೇಟಿನ ಆಚೆ ನಿಂತುಬಿಟ್ಟಳು. ಉಳಿದ ಮಕ್ಕಳೆಲ್ಲ ಸಾಲಾಗಿ ಒಳಗೆ ಹೋದರು. ಇವಳು ಕೈಕಟ್ಟಿಕೊಂಡು ಅಲ್ಲೇ. ಆ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು ನಾನು. ಅದನ್ನುಟ್ಟು ಬೀದಿಯಲ್ಲಿ ನಿಂತಿದ್ದವಳನ್ನು ಒಮ್ಮೆ ತಿರುಗಿ ನೋಡಿ ಹಾಲ್ ಕಡೆ ನಡೆದೆ.

ನಮ್ಮ ಚರ್ಚಿನ ಪದ್ಧತಿ ಏನೆಂದರೆ, ಬಿಷಪ್ಪರು ಬಂದ ದಿನ ಹಾಲ್‌ನಿಂದ ಚರ್ಚಿಗೆ ಮೆರವಣಿಗೆ. ಎಲ್ಲರಿಗಿಂತ ಮುಂದೆ ಜನರ ವಾರ್ಡನ್, ಕೈಯಲ್ಲಿ ಹಿತ್ತಾಳೆ ತಲೆಯ ಉದ್ದನೆ ಕೋಲು. ಹಿಂದೆ ಹಾಡುತ್ತ ಗಾಯಕರು, ಪಾದ್ರಿ, ಬಿಷಪ್ಪರು. ಬಾಲದಲ್ಲಿ ಇನ್ನೊಂದು ಕೋಲು ಹಿಡಿದು ಇನ್ನೊಬ್ಬ ವಾರ್ಡನ್. ಕೋಲು ನಡೆದರೆ ನಡೆಯಬೇಕು, ಕೋಲು ನಿಂತರೆ ನಿಲ್ಲಬೇಕು. ಕೋಲನ್ನು ದಾಟಿ ಹೋಗುವ ಹಾಗಿಲ್ಲ. ತಾತಂದಿರ ಕಾಲದಿಂದ ಹೀಗೇ.

"ಕೋಲು ಹಿಡಿಯೋದು ಅಂದ್ರೆ ಸುಮ್ನೆ ಅಲ್ಲ, ಒಂದು ಗತ್ತು ಬೇಕು" ಎಂದು ಕಮಿಟಿಯಮ್ಮ ಕೈ ಚಾಚಿದಳು. "ಇತ್ಲಾಗೆ ಕೊಡು. ನೀನು ಹೋಗಿ ಟೀ ಕಪ್ಪು ತೊಳಿ."

"ಒದ್ದೆ ಚಾದರ ಹಿಂಡೋ ಕೈ ಇದು ಅಮ್ಮಾವ್ರೇ. ಕಿತ್ಕೊಳ್ಳಿ, ತಾಕತ್ತಿದ್ರೆ."

ಎರಡು ಸಲ ಎಳೆದಳು. ಕೋಲು ಅಲ್ಲಾಡಲಿಲ್ಲ. ಅಷ್ಟರಲ್ಲಿ ಗಾಯಕರು ಹಾಡು ಶುರು ಮಾಡಿಬಿಟ್ಟರು.

ನಾನು ಹೊರಟೆ. ಹಾಲ್‌ನ ಮುಂಬಾಗಿಲು ಎದುರಿಗೇ ಇತ್ತು, ಚಾಪೆ ಹಾಸಿ ಹೂ ಚೆಲ್ಲಿದ್ದರು. ಆದರೆ ಆ ಬಾಗಿಲು ನನ್ನದಲ್ಲವಲ್ಲ. ನನಗೆ ತೋರಿಸಿಕೊಟ್ಟಿದ್ದ ದಾರಿ ಬೇರೆ. ಬೆನ್ನು ತಿರುಗಿಸಿ ಅಡುಗೆಮನೆಯ ಕಡೆ ನಡೆದೆ.

ಹಿಂದೆ ಬರುವವರು ಒಂದು ಗಳಿಗೆ ತಬ್ಬಿಬ್ಬಾದರು. ಆದರೆ ಕೋಲು ಹೋಗುತ್ತಿದೆಯಲ್ಲ, ಏನು ಮಾಡುತ್ತಾರೆ? ಬಂದರು. ಹಾಡುತ್ತಲೇ ಬಂದರು. ನಿಲುವಂಗಿ ಎತ್ತಿ ಹಿಡಿದು ಈರುಳ್ಳಿ ಸಿಪ್ಪೆ ತುಳಿದರು, ಸೂಪಿನ ಹಂಡೆಯನ್ನು ಬಳಸಿದರು, ಪಾತ್ರೆ ತೊಳೆಯುವ ನೀರಿನಲ್ಲಿ ಪಚಪಚ ಎಂದರು. ದಪ್ಪ ದನಿಯ ಗಾಯಕ ಜಾರಿ ಹಂಡೆ ಹಿಡಿದುಕೊಂಡ, ಶ್ರುತಿ ಮಾತ್ರ ಬಿಡಲಿಲ್ಲ. ಹಿತ್ತಿಲಲ್ಲಿ ಪಾತ್ರೆ ಒರೆಸುವ ಬಟ್ಟೆಗಳನ್ನು ಹಗ್ಗಕ್ಕೆ ಒಣಹಾಕಿದ್ದೆ. ನಾನು ಗಿಡ್ಡಿ, ಕೋಲು ಬಗ್ಗಿಸಿ ನುಸುಳಿದೆ. ಬಿಷಪ್ಪರು ಮೊದಲೇ ಎತ್ತರ, ಮೇಲೆ ಆ ಎರಡು ಚೂಪಿನ ಟೋಪಿ ಬೇರೆ. ಟೋಪಿ ಹಗ್ಗಕ್ಕೆ ತಗುಲಿ ಒಂದು ಬಟ್ಟೆ ಅದರ ಮೇಲೆ ಸವಾರಿ ಹತ್ತಿತು. ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದವರಿಗೆ ಹೇಳುವ ಧೈರ್ಯ ಬರಲಿಲ್ಲ. ಬಿಷಪ್ಪರು ಮಸಿಬಟ್ಟೆ ಹೊತ್ತುಕೊಂಡೇ ಗಂಭೀರವಾಗಿ ನಡೆದು ಬಂದರು.

ಹೀಗೆ ಸುತ್ತಿ ಬಳಸಿ ಚರ್ಚಿನ ಬಾಗಿಲಿಗೆ ಬಂದೆ. ಫೋಟೋದ ಎದುರು ಕೋಲನ್ನು ನೆಲಕ್ಕೆ ಕುಕ್ಕಿ ನಿಂತೆ. ಮೆರವಣಿಗೆ ಒಬ್ಬರ ಬೆನ್ನಿಗೆ ಒಬ್ಬರು ಡಿಕ್ಕಿ ಹೊಡೆದು ನಿಂತಿತು. ಹಾಡು ಮುಗಿಯಿತು. ಯಾರೂ ಏನೂ ಹೇಳದ್ದರಿಂದ ಗಾಯಕರು ಅದನ್ನೇ ಮೊದಲಿನಿಂದ ಹಾಡಿದರು.

ಕಮಿಟಿಯಮ್ಮ ಒಳಗಿನಿಂದ ಓಡಿಬಂದಳು. "ನಡೀ! ನಡೀ ಅಂದ್ರೆ!"

ನಾನು ನಡೆಯಲಿಲ್ಲ.

ಪಾದ್ರಿ ನನ್ನ ಕಿವಿಯ ಹತ್ತಿರ ಬಂದರು. "ಅಮ್ಮಾ, ದಮ್ಮಯ್ಯ. ಆರಾಧನೆ ಆಗ್ಲಿ. ಆಮೇಲೆ ನೋಡೋಣ."

"ನೋಡಿದ್ದು ಸಾಕು ಪಾದ್ರಿಗಳೇ. ಎಲ್ಲರೂ ನೋಡಿ ನೋಡಿನೇ ಇಷ್ಟು ದಿನ ಆಗಿದ್ದು. ಈಗ ಇಳಿಸಿ."

ಹಾಡು ಇನ್ನೊಂದು ಸಲ ಮುಗಿಯಿತು. ಮತ್ತೆ ಶುರುವಾಯಿತು. ಬಿಷಪ್ಪರಿಗೆ ಮಂಡಿನೋವು, ಕಾಲು ಬದಲಾಯಿಸುತ್ತ ಮುಂದೆ ಬಂದರು. ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ನಿಮಗೇನು ಬೇಕಮ್ಮ?"

"ನನ್ನ ಬಾಯಿ ಬೇಕು ಅಯ್ಯನೋರೇ."

"ಇದೆಲ್ಲಾ ಆಮೇಲೆ ಮಾತಾಡಬಹುದಲ್ಲ? ಒಳಗೆ ಮಕ್ಕಳು ಕಾಯ್ತಾ ಇದ್ದಾರೆ."

"ಹೊರಗೂ ಒಬ್ಬಳು ಕಾಯ್ತಾ ಇದ್ದಾಳೆ." ಗೇಟಿನ ಕಡೆ ಕೈ ತೋರಿಸಿದೆ. ಎಲ್ಲರೂ ತಿರುಗಿದರು. "ಅವಳು ನನ್ನ ಮಗಳು. ಇದು ಇಲ್ಲಿರೋ ತನಕ ಅವಳು ಒಳಗೆ ಬರಲ್ಲ. ಅವಳು ಬರೋ ತನಕ ಈ ಕೋಲು ಏಳಲ್ಲ. ನಾನು ಹಸಿದು ಬಾಯಿ ಬಿಟ್ಟಿದ್ದಲ್ಲ. ಇವ್ರ ತಮ್ಮ ನನ್ನ ಕೈ ಸುಟ್ಟ, ಬೈದೆ. ಬೈದಿದ್ದನ್ನ ಹಸಿವು ಅಂತ ಬರೆದು ಗೋಡೆಗೆ ಹೊಡೆದಿದ್ದಾರೆ. ಇನ್ನೂ ಬೈಯ್ಯೋದು ಬಾಕಿ ಇದೆ, ಕೇಳ್ತೀರಾ?"

"ಆಮೆನ್!" ಎಂದಳು ಅಜ್ಜಿ, ಒಳಗಿನಿಂದ.

"ಇನ್ನೊಬ್ಬ ವಾರ್ಡನ್ ಒಪ್ಪಬೇಕು! ಒಪ್ಪಲ್ಲ!" ಎಂದು ಕಮಿಟಿಯಮ್ಮ ಕೂಗಿದಳು. ಎಲ್ಲರೂ ಮೆರವಣಿಗೆಯ ಬಾಲದ ಕಡೆ ನೋಡಿದರು. ಕಮಿಟಿಯಮ್ಮನ ಗಂಡ ಅಲ್ಲಿದ್ದರು. ಬೂಟಿನ ತುಂಬ ಪಾತ್ರೆ ತೊಳೆದ ನೀರು, ತೋಳು ಸೋತು ಕೋಲು ವಾಲಿತ್ತು. ಪಾಪ, ಹೆಂಡತಿ ದೂರದಲ್ಲಿದ್ದಳು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಒಪ್ಪಿದೆ" ಎಂದರು. ಹೇಳಿದ ಮೇಲೆ ತಮಗೇ ಗಾಬರಿಯಾಗಿ ಇನ್ನೊಮ್ಮೆ ಮೆಲ್ಲಗೆ ಹೇಳಿ ನೋಡಿದರು, "ಒಪ್ಪಿದೆ."

"ಯಾರಾದ್ರೂ ಅದನ್ನ ಇಳಿಸ್ರಪ್ಪ" ಎಂದರು ಬಿಷಪ್ಪರು, ಮಂಡಿ ಒತ್ತಿಕೊಳ್ಳುತ್ತ.

ಮೋರಿ ಮಾವ ಅಂಗಿಯ ತೋಳು ಮಡಚಿ ಮುಂದೆ ಬಂದ. "ಮುಟ್ಬೇಡ! ಬೆಲ್ಜಿಯಂ ಗಾಜು ಅದು! ನಾನೇ ಇಳಿಸ್ತೀನಿ" ಎಂದು ಕಮಿಟಿಯಮ್ಮ ಕುರ್ಚಿ ಎಳೆದು ಹತ್ತಿದಳು. ಕಟ್ಟನ್ನು ಹಿಡಿದು ಮೊಳೆಯಿಂದ ಬಿಡಿಸಿದಳು. ಬಡವರ ಬಾಯಿಯ ಹಿಂದೆ ಒಂದು ಹಲ್ಲಿ ಸಂಸಾರ ಹೂಡಿತ್ತು. ಅದು ಹೊರಗೆ ಹಾರಿ ಅವಳ ಮೊಣಕೈಯಿಂದ ಕುತ್ತಿಗೆಯ ತನಕ ಓಡಿತು. ಅವಳು ಬಾಯಿ ತೆರೆದಳು. ಆ ಬಾಯನ್ನು ನಾನು ಹೇಗೆ ವರ್ಣಿಸಲಿ? ನನ್ನದು ಕಿಟಕಿಯಾದರೆ ಅವಳದು ಹೆಬ್ಬಾಗಿಲು. ಬಿಷಪ್ಪರ ಫೋಟೋ ತೆಗೆಯಲೆಂದು ಬಂದಿದ್ದ ಅವಳ ತಮ್ಮ, ತೆರೆದ ಬಾಯಿ ಕಂಡು ಅಭ್ಯಾಸಬಲದಿಂದ ಕ್ಲಿಕ್ ಎನಿಸಿದ.

ಕಟ್ಟು ಅವಳ ಕೈಯಿಂದ ಜಾರಿತು, ಗಾಜು ಒಡೆಯಲಿಲ್ಲ. ಅದನ್ನು ಹಿಡಿದದ್ದು ನಾನೇ. ಗೋಡೆಯ ಮೇಲೆ ಸುಣ್ಣ ಮಾಸದ ಒಂದು ಚೌಕ ಉಳಿಯಿತು. ಮಗಳು ಗೇಟು ತಳ್ಳಿದಳು. ನಡೆದು ಬಂದಳು, ಆ ಚೌಕದ ಪಕ್ಕದಲ್ಲಿ ಒಂದು ಕ್ಷಣ ನಿಂತು, ತಲೆಯೆತ್ತಿ ಒಳಗೆ ಹೋದಳು. ನಾನು ಕೋಲೆತ್ತಿದೆ. ಇಡೀ ಮೆರವಣಿಗೆ ನನ್ನ ಮಗಳ ಹಿಂದೆ ಒಳಗೆ ಬಂತು. ಬಿಷಪ್ಪರು ಅವಳ ತಲೆಯ ಮೇಲೆ ಕೈಯಿಡಲು ಬಗ್ಗಿದಾಗ ಮಸಿಬಟ್ಟೆ ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ಅದನ್ನು ಮಡಚಿ ಪಕ್ಕಕ್ಕಿಟ್ಟು, ಕೇಳಿದ ಪ್ರಶ್ನೆಗೆಲ್ಲ ಗಟ್ಟಿಯಾಗಿ ಉತ್ತರ ಹೇಳಿದಳು. ನಾನು ಅತ್ತೆ. ಯಾರು ಬೇಕಾದರೂ ನೋಡಲಿ ಎಂದು ಅತ್ತೆ.

ವಾರದ ಮೇಲೆ ಕಮಿಟಿಯಮ್ಮನ ತಮ್ಮ ಅವಳ ಹೊಸ ಫೋಟೋ ಹಿಡಿದುಕೊಂಡು ಲಾಡ್ಜಿನ ಹಿತ್ತಿಲಿಗೆ ಬಂದ. ಚರ್ಚಿನ ಗೋಡೆಯ ವಿಷಯ ಈಗ ನನ್ನದಲ್ಲವೇ? "ಇದು... ಹಾಕೋದಾ ವಾರ್ಡನ್ನಮ್ಮಾ?" ಎಂದು ತಲೆ ಕೆರೆದ. ಮಗಳು ನೋಡಿ ಬಿದ್ದು ಬಿದ್ದು ನಕ್ಕಳು. "ಹಾಕಮ್ಮಾ, ಹಾಕು! ಇಷ್ಟು ದೊಡ್ಡದು ಮಾಡ್ಸು! ಕೆಳಗೆ ನಾನು ಬರೀತೀನಿ!"

ನಾನೂ ನೋಡಿದೆ. ಸೋಡಾ ನೀರು ಸೋರುವ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಬಾಯಿ ನನ್ನ ಬಾಯಿಯ ಹಾಗೇ ಇತ್ತು. ಹಲ್ಲು ಸ್ವಲ್ಪ ಚೆನ್ನಾಗಿತ್ತು, ಅಷ್ಟೇ. ಮೊಳೆಗೆ ಹಾಕಲು ಕೈ ಬರಲಿಲ್ಲ. ಹಾಗೆಂದು ಹರಿದು ಬಿಸಾಡುವಷ್ಟು ದೊಡ್ಡ ಸಂತಳೂ ನಾನಲ್ಲ. ಟ್ರಂಕಿನಲ್ಲಿಟ್ಟೆ.

ಆ ಶನಿವಾರ ನಾವೆಲ್ಲ ಮುಂಬಾಗಿಲಿನಿಂದ ಹೋದೆವು. ಕಮಿಟಿಯಮ್ಮ ಎದ್ದು ನಿಂತು, "ಮೊದಲು ಎಲ್ಲರೂ ಒಂದು ಹಾಡು..." ಎಂದಳು.

"ಅಮ್ಮಾವ್ರೇ, ನಿಮ್ಮ ತಮ್ಮ ಒಂದು ಫೋಟೋ ತಂದ್ಕೊಟ್ರು. ಟ್ರಂಕಲ್ಲಿದೆ" ಎಂದೆ.

ಅವಳ ಬಾಯಿ ತೆರೆಯಿತು. ತಕ್ಷಣ ಮುಚ್ಚಿಕೊಂಡಿತು. "ಸೂಪು ಆರ್ತಾ ಇದೆ. ಊಟ ಮಾಡಿ... ನೀವು" ಎಂದಳು.

ನಾವು ಕೂತೆವು. ಬಾಯಿ ತೆರೆದು ಬಿಸಿಬಿಸಿ ಉಂಡೆವು. ಯಾರೂ ಕ್ಲಿಕ್ ಎನಿಸಲಿಲ್ಲ.